ಕೈಗಾಳ, ಸ್ಪೂನ್, ಉದ್ದ ರಾಡು: ದಡದಿಂದ ಮೀನು ಹಿಡಿಯಲು ಸುರುಮಾಡುವವರಿಗೆ ಯಾವುದು?

ದಡದಲ್ಲಿ ನಿಂತು ಮೀನು ಹಿಡಿಯುವುದನ್ನು ನಾನು ಮೊದಲು ನೋಡಿದ್ದು ಡೆನ್ಮಾರ್ಕ್, ಸ್ವೀಡನ್ ಕಡೆಯ ವಿಡಿಯೊಗಳಲ್ಲಿ. ಅಲ್ಲಿ ಮಾರ್ಚ್ ಬಂತೆಂದರೆ ಜನ ಕಡಲ ಟ್ರೌಟ್ ಎಂಬ ತಣ್ಣೀರಿನ ಮೀನು ಹುಡುಕಿಕೊಂಡು ಸೊಂಟದ ಮಟ್ಟದ ನೀರಿಗೆ ಇಳಿಯುತ್ತಾರೆ. ಚಳಿಗಾಲ ಮುಗಿಯುವಾಗ ಆಳವಿಲ್ಲದ, ಕಪ್ಪು ತಳದ ಕೊಲ್ಲಿಗಳ ನೀರು ಬಿಸಿಲಿಗೆ ಮೊದಲು ಬೆಚ್ಚಗಾಗುತ್ತದೆ. ಮೀನು ಅಲ್ಲಿಗೆ ಬರುತ್ತದೆ. ಹೊಸಬರಿಗೆ ಅವರು ಹೇಳಿಕೊಡುವುದು ಇಷ್ಟೇ: ಒಂಬತ್ತಡಿ ರಾಡು, 20 ಗ್ರಾಂ ಆಸುಪಾಸಿನ ಲೋಹದ ಸ್ಪೂನ್ (ಚಮಚದಂಥ ಹೊಳೆಯುವ ಹುಸಿ ತಿನಿಸು), ದೂರ ಎಸೆದು ನಿಧಾನಕ್ಕೆ ಸುತ್ತುವುದು.

ನನ್ನ ಮನೆ ಕುಮಟಾದಲ್ಲಿ, ಕೆಲಸ ಕಾರವಾರದಲ್ಲಿ. ಎರಡು ಕಡೆಯೂ ಅಳಿವೆ ಇದೆ, ಎರಡು ಕಡೆಯೂ ಕಡಲು ಇದೆ. ಅದೇ ಸಾಮಾನು ತರಿಸಿಕೊಂಡು, ಅದೇ ಪಾಠ ನಂಬಿಕೊಂಡು ಅಘನಾಶಿನಿ ನದಿಯ ಅಳಿವೆಯಲ್ಲಿರುವ ತದಡಿಗೆ ಹೋದೆ. ಐದು ಸಂಜೆ ಒಂದು ಮೀನೂ ಮುಟ್ಟಲಿಲ್ಲ. ಪಕ್ಕದಲ್ಲೇ ಒಬ್ಬ ಅಜ್ಜ ಪ್ಲಾಸ್ಟಿಕ್ ಬಾಟಲಿಗೆ ದಾರ ಸುತ್ತಿಕೊಂಡು ಕೂತಿದ್ದರು. ಅವರ ಬಕೆಟ್‌ನಲ್ಲಿ ದಿನಾ ಮೀನು ಇರುತ್ತಿತ್ತು. ಹಾಗಾಗಿ ಜನವರಿ ಕೊನೆಯಿಂದ ಮಾರ್ಚ್ ನಡುವಿನವರೆಗೆ ಮೂರು ರೀತಿಯ ಗಾಳವನ್ನೂ ಹಾಕಿ ನೋಡೋಣ ಎಂದು ಹೊರಟೆ. ಅಜ್ಜನ ಹಾಗೆ ರಾಡಿಲ್ಲದ ಕೈಗಾಳ, ಸ್ಪೂನ್ ಕಟ್ಟಿದ ಒಂಬತ್ತಡಿ ರಾಡು, ಕಡಲತೀರದಿಂದ ದೂರ ಎಸೆಯುವ ಹನ್ನೆರಡಡಿ ರಾಡು.

ಮೊದಲು ನೀರಿನ ವ್ಯತ್ಯಾಸ ಹೇಳಬೇಕು. ಅದು ಗೊತ್ತಾಗದೆ ಸಾಮಾನು ಕೊಂಡರೆ ದುಡ್ಡು ಸುಮ್ನೆ ಹೋಗುತ್ತದೆ. ಟ್ರೌಟ್‌ಗೆ ಹಿತವಾದ ನೀರು 10ರಿಂದ 16 ಡಿಗ್ರಿ. ಅದಕ್ಕಿಂತ ತಣ್ಣಗಿದ್ದಾಗ ಅದರ ಮೈ ಜಡವಾಗಿರುತ್ತದೆ, ಓಡುವ ತಿನಿಸನ್ನು ಅಟ್ಟುವುದಿಲ್ಲ. ಅದಕ್ಕೇ ಅವರು ನಿಧಾನ ಸುತ್ತುವುದು. ನಮ್ಮ ಕಡಲು ಮಾರ್ಚ್‌ನಲ್ಲಿ 28 ಡಿಗ್ರಿ ಆಸುಪಾಸು ಇರುತ್ತದೆ. ಇಲ್ಲಿ ಮೀನನ್ನು ದಡಕ್ಕೆ ತರುವುದು ಬೆಚ್ಚಗಿನ ನೀರಲ್ಲ, ಉಪ್ಪು ಮತ್ತು ಭರತ, ಅಂದರೆ ಕಡಲ ನೀರಿನ ಏರಿಕೆ. ಮಳೆ ನಿಂತು ನಾಲ್ಕು ತಿಂಗಳಾದ ಮೇಲೆ ಅಘನಾಶಿನಿಯಲ್ಲಿ ಸಿಹಿನೀರಿನ ಜೋರು ಕಡಿಮೆಯಾಗುತ್ತದೆ. ಉಪ್ಪುನೀರು ಮಿರ್ಜಾನಿನ ಕಡೆಗೂ ಏರುತ್ತದೆ. ನೀರು ತಿಳಿಯಾಗುತ್ತದೆ. ಚೊಣಕ್ (ಬಾರಮುಂಡಿ), ತಾಂಬೂಸ್ (ಕೆಂಪು ಸ್ನ್ಯಾಪರ್), ಟ್ರೆವಲಿ ಎಂಬ ಬೇಟೆಯ ಮೀನುಗಳೆಲ್ಲ ಭರತದ ಜೊತೆ ಒಳಗೆ ಬಂದು ಇಳಿತದ ಜೊತೆ ಹೊರಗೆ ಹೋಗುತ್ತವೆ. ಗಜನಿಯ, ಅಂದರೆ ಅಳಿವೆಯ ಅಂಚಿನ ಉಪ್ಪುನೀರಿನ ಗದ್ದೆಯ, ಬಾಗಿಲಿಂದ ನೀರು ಹೊರಗೆ ಬೀಳುವಾಗ ಶೆಟ್ಲಿಯೂ (ಸಿಗಡಿ) ಹೊರಗೆ ಬರುತ್ತದೆ. ದೊಡ್ಡ ಮೀನು ಆ ಹರಿವಿನ ಅಂಚಲ್ಲಿ ಕಾದು ನಿಲ್ಲುತ್ತದೆ. ಅಣೆಕಟ್ಟು ಇಲ್ಲದ ನದಿ ಇದು. 2024ರಲ್ಲಿ ಈ ಅಳಿವೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಇಲ್ಲಿ ಕೂತು ಕಲಿಯಲು ಸಿಗುವುದು ನಮ್ಮ ಅದೃಷ್ಟ ಅಂತಲೇ ನನಗೆ ಅನಿಸುತ್ತದೆ.

ಈಗ ಕೈಗಾಳದ ವಿಷಯ. ಸಾಮಾನು ಏನೂ ಇಲ್ಲ: 0.60 ಮಿಲಿಮೀಟರ್ ದಪ್ಪದ ನೈಲಾನ್ ದಾರ ಐವತ್ತು ಮೀಟರ್, ಒಂದು ಬಾಟಲಿ, ತೂತಿರುವ ಸೀಸ 30 ಗ್ರಾಂ, ಒಂದು ಕೊಕ್ಕೆ. ಎಲ್ಲ ಸೇರಿ ನನಗೆ ಇನ್ನೂರು ರೂಪಾಯಿಯೂ ಆಗಲಿಲ್ಲ. ಸೀಸ ದಾರದ ಮೇಲೆ ಜಾರುವಂತೆ ಇರಬೇಕು. ಗಂಟು ಹಾಕಿ ಬಿಗಿದರೆ ಮೀನು ತಿನಿಸನ್ನು ಎಳೆಯುವಾಗ ಅದಕ್ಕೆ ಭಾರ ಗೊತ್ತಾಗುತ್ತದೆ, ಬಿಟ್ಟು ಹೋಗುತ್ತದೆ. ದಾರವನ್ನು ಕೊಕ್ಕೆಯ ಕಣ್ಣಿಗೆ ಪೋಣಿಸಿ, ಐದಾರು ಸುತ್ತು ಸುತ್ತಿ, ತುದಿಯನ್ನು ಕಣ್ಣಿನ ಹತ್ತಿರದ ಕುಣಿಕೆಯಲ್ಲಿ ತೂರಿಸಿ, ಉಗುಳಿಂದ ಒದ್ದೆ ಮಾಡಿಯೇ ಎಳೆಯಬೇಕು. ಒಣಗಿದ ನೈಲಾನ್ ತಿಕ್ಕಿಗೆ ಬಿಸಿಯಾಗಿ ಅಲ್ಲೇ ಸೋಲುತ್ತದೆ. ನನ್ನ ಮೊದಲ ಒಳ್ಳೆ ಮೀನು ಹೋದದ್ದು ಹೀಗೇ. ದಾರದ ತುದಿ ಗುಂಗುರು ಕೂದಲಿನ ಹಾಗೆ ಸುರುಳಿ ಸುತ್ತಿಕೊಂಡು ಬರಿದೇ ಮೇಲೆ ಬಂತು.

ತಿನಿಸಿಗೆ ಜೀವಂತ ಶೆಟ್ಲಿ. ತಲೆಯ ಮೇಲಿನ ಗರಗಸದಂಥ ಮುಳ್ಳಿದೆಯಲ್ಲ, ಅದರ ಬುಡದಲ್ಲಿ ಕೊಕ್ಕೆ ದಾಟಿಸಬೇಕು. ಬೆಳಕಿಗೆ ಹಿಡಿದರೆ ತಲೆಯೊಳಗೆ ಒಂದು ಕಪ್ಪು ಚುಕ್ಕೆ ಕಾಣುತ್ತದೆ. ಅದಕ್ಕೆ ತಾಗಿದರೆ ಶೆಟ್ಲಿ ಸತ್ತಿತು. ತಾಗದಿದ್ದರೆ ಅರ್ಧ ತಾಸು ನೀರಲ್ಲಿ ಒದ್ದಾಡುತ್ತಾ ಇರುತ್ತದೆ. ಆ ಒದ್ದಾಟಕ್ಕೇ ಚೊಣಕ್ ಬರುವುದು.

ಮೊದಲ ದಿನ ನಾನು ದಾರವನ್ನು ಮುಷ್ಟಿಯಲ್ಲಿ ಬಿಗಿ ಹಿಡಿದು ಕೂತಿದ್ದೆ. ಅಜ್ಜ ನೋಡಿ ಹೇಳಿದರು: "ತಮಾ, ಹಂಗೆ ಬಿಗಿ ಹಿಡೀಬೇಡ. ಬೆರಳ ಮೇಲೆ ಸುಮ್ನೆ ಇರ್ಲಿ." ತೋರುಬೆರಳಿಗೆ ಸೈಕಲ್ ಟ್ಯೂಬಿನ ತುಂಡು ಸುತ್ತಿಕೊಳ್ಳಲು ಹೇಳಿಕೊಟ್ಟವರೂ ಅವರೇ. ಇಲ್ಲದಿದ್ದರೆ ದೊಡ್ಡ ಮೀನು ಎಳೆದಾಗ ದಾರ ಬೆರಳನ್ನು ಸೀಳುತ್ತದೆ. ನಾಲ್ಕೈದು ದಿನದಲ್ಲಿ ಬೆರಳಿಗೆ ಒಂದೊಂದೇ ಗೊತ್ತಾಗುತ್ತಾ ಬಂತು. ಏಡಿ ಬಂದರೆ ಕುಟುಕುವುದಿಲ್ಲ, ಸುಮ್ನೆ ಭಾರ ಆಗುತ್ತದೆ. ಸಣ್ಣ ಮೀನು ಟುಕ್ ಟುಕ್ ಅನ್ನುತ್ತದೆ. ಸಾಂಗಟ (ಮೀಸೆಯಿರುವ ಕ್ಯಾಟ್‌ಫಿಶ್) ತಲೆ ಅಲ್ಲಾಡಿಸಿಕೊಂಡು ಎಳೆಯುತ್ತದೆ. ಚೊಣಕ್ ಮಾತ್ರ ಒಮ್ಮೆ ಟಪ್ ಎಂದು ತಟ್ಟಿ, ಒಂದು ಕ್ಷಣ ಸುಮ್ಮನಾಗಿ, ಆಮೇಲೆ ದಾರವನ್ನೇ ಕಿತ್ತುಕೊಂಡು ಹೋಗುತ್ತದೆ.

ರಾಡಿನಲ್ಲಿ ಇದು ಸುರುವಿಗೆ ಗೊತ್ತಾಗುವುದಿಲ್ಲ. ಹರಿವು ಯಾವಾಗ ತಿರುಗಿತು, ತಳ ಎಲ್ಲಿ ಕೆಸರು, ಎಲ್ಲಿ ಕಲ್ಲು, ಇದನ್ನೆಲ್ಲ ಬೆರಳು ನೇರವಾಗಿ ಕಲಿಯುತ್ತದೆ. ಲೆಕ್ಕ ಹೇಳುವುದಾದರೆ, ತದಡಿಯಲ್ಲಿ ಕೈಗಾಳ ಹಾಕಿದ ಒಂಬತ್ತು ದಿನದಲ್ಲಿ ಏಳು ದಿನ ಸಾರಿಗಾಗುವಷ್ಟು ಮೀನು ಸಿಕ್ಕಿತು. ಅದರಲ್ಲಿ ಎರಡು ಚೊಣಕ್, ಒಂದು ತಾಂಬೂಸ್.

ಹಾಗಂತ ಸ್ಪೂನ್ ಕೆಲಸಕ್ಕೆ ಬಾರದ್ದೇನಲ್ಲ. ನಾನು ಅದನ್ನು ತಪ್ಪು ಜಾಗದಲ್ಲಿ, ತಪ್ಪು ವೇಗದಲ್ಲಿ ಹಾಕುತ್ತಿದ್ದೆ. ಫೆಬ್ರವರಿಯ ಒಂದು ಸಂಜೆ ಕಾಳಿ ನದಿ ಕಡಲು ಸೇರುವಲ್ಲಿ, ಕೋಡಿಬಾಗದ ಕಡೆಯ ದಡದಲ್ಲಿ ನಿಂತಿದ್ದೆ. ಸೂರ್ಯ ಮುಳುಗುವ ಹೊತ್ತು. ಸಣ್ಣ ಮೀನುಗಳು ಮಳೆಹನಿ ಬಿದ್ದ ಹಾಗೆ ನೀರ ಮೇಲೆ ಚಿಮ್ಮಿದವು. ಕೆಳಗಿಂದ ಟ್ರೆವಲಿ ಅಟ್ಟುತ್ತಿತ್ತು. ಸ್ಪೂನ್ ಎಸೆದು, ಡೆನ್ಮಾರ್ಕಿನ ಪಾಠ ಬಿಟ್ಟು, ಕೈ ನೋಯುವಷ್ಟು ಜೋರಾಗಿ ಸುತ್ತಿದೆ. ಮೂರನೇ ಎಸೆತಕ್ಕೇ ಹಿಡಿಯಿತು. ಅರ್ಧ ತಾಸಲ್ಲಿ ನಾಲ್ಕು. ಆ ಹೊತ್ತಿಗೆ ಕೈಗಾಳದವರು ನೋಡುತ್ತಾ ನಿಂತಿದ್ದರು. ಅಷ್ಟು ದೂರ ಅವರ ದಾರ ಮುಟ್ಟುತ್ತಿರಲಿಲ್ಲ. ಓಡುವ ಮೀನು, ದೂರದ ಮೀನು, ಬೆಳಕು ಇಳಿಯುವ ಹೊತ್ತು: ಇಲ್ಲಿ ಸ್ಪೂನಿಗೆ ಸಾಟಿ ಇಲ್ಲ. ಚೊಣಕ್‌ಗಾದರೆ ಮತ್ತೆ ನಿಧಾನ. ನಾಲ್ಕು ಸುತ್ತು ಸುತ್ತಿ ನಿಲ್ಲಿಸಬೇಕು, ಮತ್ತೆ ಸುತ್ತಬೇಕು.

ಆದರೆ ಸ್ಪೂನ್ ಬೇಡುವ ಖರ್ಚು ಜಾಸ್ತಿ. ರಾಡು, ರೀಲು, ಹೆಣೆದ ದಾರ ಸೇರಿ ನನಗೆ ನಾಲ್ಕು ಸಾವಿರದ ಹತ್ತಿರ ಬಂತು. ಅದರ ಮೇಲೆ ಬಂಡೆಯ ಸಿಂಪಿಗೆ ಸಿಕ್ಕಿ ಕಳೆದ ಸ್ಪೂನ್‌ಗಳು ಆರು. ಹೆಣೆದ ದಾರದ ತುದಿಗೆ ಒಂದು ಮಾರು ದಪ್ಪ ನೈಲಾನ್ ಕಟ್ಟಲೇಬೇಕು. ಚೊಣಕ್‌ನ ಕಿವಿರಿನ ಮುಚ್ಚಳದ ಅಂಚು ಬ್ಲೇಡಿನ ಹಾಗೆ ಇರುತ್ತದೆ, ತೆಳು ದಾರ ತಡೆಯುವುದಿಲ್ಲ. ಸ್ಪೂನ್ ಜೊತೆ ಬರುವ ಮೂರು ಮೊನೆಯ ಕೊಕ್ಕೆ ತೆಗೆದು ಒಂಟಿ ಕೊಕ್ಕೆ ಹಾಕಿ. ಸಣ್ಣ ಮೀನು ವಾಪಸ್ ಬಿಡುವಾಗ ಬಾಯಿ ಹರಿಯುವುದಿಲ್ಲ, ನಿಮ್ಮ ಬೆರಳಿಗೂ ಒಳ್ಳೆಯದು.

ಉದ್ದ ರಾಡಿನ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಧಾರೇಶ್ವರದ ಮರಳಿನಲ್ಲಿ, ಮಾಜಾಳಿಯಲ್ಲಿ, 100 ಗ್ರಾಂ ಸೀಸ ಕಟ್ಟಿ ಅಲೆಯಾಚೆ ಎಸೆದೆ. ಭುಜ ನೋವು ಬಂತು, ಸಾಂಗಟ ಬಂತು. ಆಮೇಲೆ ಗೊತ್ತಾಯಿತು, ನೊಗ್ಲಿ (ಕಾಣೆ ಮೀನು) ಇರುವುದು ಅಷ್ಟು ದೂರ ಅಲ್ಲ. ಅಲೆ ಒಡೆದು ಮರಳು ಕಲಕುವ ತಗ್ಗಿನಲ್ಲೇ, ಇಪ್ಪತ್ತು ಮೂವತ್ತು ಮೀಟರ್ ಒಳಗೇ ಇರುತ್ತದೆ. ಅದಕ್ಕೆ ಒಂಬತ್ತಡಿ ರಾಡು, ಸಣ್ಣ ಕೊಕ್ಕೆ, ಸುಲಿದ ಶೆಟ್ಲಿಯ ಚೂರು ಸಾಕು. ರಾವಸ್‌ಗಾಗಿ ಉದ್ದ ರಾಡು ಇಟ್ಟುಕೊಂಡವರಿದ್ದಾರೆ. ಪೇಟೆಯಲ್ಲಿ ಇಂಡಿಯನ್ ಸಾಲ್ಮನ್ ಎಂದು ಮಾರುವುದು ಇದನ್ನೇ. ತಣ್ಣೀರಿನ ಸಾಲ್ಮನ್‌ಗೂ ಇದಕ್ಕೂ ನಂಟಿಲ್ಲ. ಇದರ ಎದೆಯ ರೆಕ್ಕೆಯ ಕೆಳಗೆ ನಾಲ್ಕು ದಾರದಂಥ ಎಳೆಗಳಿರುತ್ತವೆ, ಅವುಗಳಿಂದ ಕಲಕಿದ ನೀರಲ್ಲಿ ತಡವರಿಸಿ ತಿನಿಸು ಹುಡುಕುತ್ತದೆ. ನನಗೆ ಒಂದೂ ಸಿಗಲಿಲ್ಲ. ಹೊಸಬರು ಹನ್ನೆರಡಡಿ ರಾಡಿಗೆ ದುಡ್ಡು ಹಾಕಬೇಡಿ ಅಂತಲೇ ಹೇಳುತ್ತೇನೆ. ರಂಪಣಿ, ಅಂದರೆ ದಡಕ್ಕೆ ಎಳೆಯುವ ದೊಡ್ಡ ಬಲೆ, ಎಳೆಯುತ್ತಿರುವ ಕಡೆ ಯಾವ ಗಾಳವನ್ನೂ ಹಾಕಬೇಡಿ. ಅದು ಅವರ ಹೊಟ್ಟೆಪಾಡು.

ಸಾಂಗಟದ ಮುಳ್ಳಿನ ಬಗ್ಗೆ ಎಚ್ಚರ ಹೇಳಲೇಬೇಕು. ಬೆನ್ನ ಮೇಲೆ ಒಂದು, ಎರಡು ಬದಿಗೆ ಒಂದೊಂದು. ಗರಗಸದ ಹಲ್ಲಿರುತ್ತದೆ, ವಿಷವೂ ಇರುತ್ತದೆ. ನನ್ನ ಹೆಬ್ಬೆರಳಿಗೆ ಚುಚ್ಚಿದಾಗ ಮೊಣಕೈ ತನಕ ನೋವು ಏರಿತು. ತಡೆಯುವಷ್ಟು ಬಿಸಿಯಾದ ನೀರಲ್ಲಿ ಕೈ ಅದ್ದಿ ಕೂತರೆ ನೋವು ಇಳಿಯುತ್ತದೆ, ಬಿಸಿಗೆ ಆ ವಿಷ ಕೆಡುತ್ತದೆ. ಆದರೂ ಡಾಕ್ಟರಿಗೆ ತೋರಿಸಿ, ಮುಳ್ಳಿನ ಚೂರು ಒಳಗೆ ಉಳಿದಿರಬಹುದು. ಈಗ ನಾನು ಇಕ್ಕಳ ಇಲ್ಲದೆ ಹೋಗುವುದಿಲ್ಲ.

ಜಾಗದ ಮಾತಿಗೆ ಬಂದರೆ, ಕೈಗಾಳಕ್ಕೆ ತದಡಿ, ಸ್ಪೂನಿಗೆ ಕಾಳಿಯ ಅಳಿವೆ. ಗೋಕರ್ಣದ ಬಂಡೆಗಳ ಮೇಲೆ ಮೀನು ಚೆನ್ನಾಗಿದೆ, ಆದರೆ ಮೊದಲ ವರ್ಷ ಬೇಡ. ಹಸಿರು ಪಾಚಿ ಕಣ್ಣಿಗೆ ಕಾಣದೆ ಜಾರಿಸುತ್ತದೆ, ಸಣ್ಣ ಅಲೆಗಳ ನಡುವೆ ಹೇಳದೆ ಕೇಳದೆ ಒಂದು ದೊಡ್ಡದು ಬರುತ್ತದೆ. ಅರಗಾ ಕಡೆ ನೌಕಾನೆಲೆಯ ಹತ್ತಿರ ಸುಳಿಯಲೂ ಬೇಡಿ. ದಿನ ಆರಿಸುವಾಗ ಅಮಾವಾಸ್ಯೆ, ಹುಣ್ಣಿಮೆಯ ಮಾರನೇ ದಿನ, ಅದರ ಮಾರನೇ ದಿನ ನೋಡಿ, ಹರಿವು ಆಗ ಜೋರಿರುತ್ತದೆ. ಭರತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ನೀರು ಏರಲು ಸುರುವಾದ ಮೊದಲ ಎರಡು ತಾಸು ನನಗೆ ಎಲ್ಲಕ್ಕಿಂತ ಚೆನ್ನಾಗಿ ಒದಗಿತು. ಅಷ್ಟಮಿಯ ಹೊತ್ತಿಗೆ ನೀರು ಸೋಮಾರಿಯಾಗಿರುತ್ತದೆ, ಆಗ ಕೈಗಾಳವೇ ವಾಸಿ.

ಇನ್ನೊಂದು ಮಾತು, ನನಗೆ ಇದು ಮುಖ್ಯ. ಚೊಣಕ್ ಗಂಡಾಗಿ ಬೆಳೆದು, ಆಮೇಲೆ ಹೆಣ್ಣಾಗುವ ಮೀನು. ಬಹಳ ದೊಡ್ಡವು ಸಾಮಾನ್ಯವಾಗಿ ಮೊಟ್ಟೆ ಇಡುವ ಹೆಣ್ಣುಗಳೇ. ತದಡಿಯಲ್ಲಿ ಸಿಕ್ಕ ಎರಡರಲ್ಲಿ ಒಂದು ನನ್ನ ತೋಳಿನುದ್ದ ಇತ್ತು. ಅದನ್ನು ನೀರಲ್ಲೇ ಹಿಡಿದು, ಕೊಕ್ಕೆ ಬಿಡಿಸಿ, ಕಿವಿರು ಆಡುವ ತನಕ ಹರಿವಿಗೆ ಮುಖ ಮಾಡಿ ಹಿಡಿದಿದ್ದೆ. ಬಾಲ ಒಮ್ಮೆ ಕೈಗೆ ಬಡಿದು ಹೋಯಿತು. ಅಜ್ಜ ಏನೂ ಹೇಳಲಿಲ್ಲ, ತಮ್ಮ ಬಕೆಟ್ಟಿಂದ ಎರಡು ಸಣ್ಣ ಮೀನು ತೆಗೆದು ನನ್ನ ಚೀಲಕ್ಕೆ ಹಾಕಿದರು.

ಬರುವ ಅಮಾವಾಸ್ಯೆಯ ಮಾರನೇ ದಿನ ಅಣ್ಣನ ಮಗ ಜೊತೆಗೆ ಬರುತ್ತೇನೆ ಅಂದಿದ್ದಾನೆ. ಅವನಿಗೆ ರಾಡಿನ ಮೇಲೇ ಕಣ್ಣು. ರಾಡು ಮನೆಯಲ್ಲೇ ಇರಲಿ, ಬಾಟಲಿಗೆ ಹೊಸ ದಾರ ಸುತ್ತಿಟ್ಟಿದ್ದೇನೆ, ಸೈಕಲ್ ಟ್ಯೂಬಿನ ತುಂಡೂ ಅವನ ಬೆರಳಿನ ಅಳತೆಗೆ ಕತ್ತರಿಸಿ ಆಗಿದೆ.