ಉಪ್ಪಳದ ಹಳೇ ಲಾರಿ ಗ್ಯಾರೇಜು: ಇಂಜಿನ್‌ಗೆ ಪೂರ್ತಿ ಅಂಕ, ಪೇಂಟಿಗೆ ಕೊಡಲ್ಲ

ಹಳೇ ಫಾರ್ಗೋ, ಡಾಜ್ ಲಾರಿ ಇಟ್ಟುಕೊಂಡವರಿಗೆ ಒಂದೇ ಚಿಂತೆ, ಯಾರ ಕೈಗೆ ಕೊಡುವುದು ಅಂತ. ಕಾಸರಗೋಡು ಜಿಲ್ಲೆಯ ಉಪ್ಪಳದಲ್ಲಿ ಹೆದ್ದಾರಿಯಿಂದ ಸ್ವಲ್ಪ ಒಳಗೆ ಶೀಟು ಹಾಕಿದ ಗ್ಯಾರೇಜೊಂದಿದೆ. ಬೋರ್ಡು ಇಲ್ಲ. ಧೈರ್ಯವಾಗಿ ಕೊಡಿ. ಪೇಂಟ್ ಮಾತ್ರ ಅಲ್ಲಿ ಬೇಡ.

ನಮ್ಮದು ಅಜ್ಜನ ಕಾಲದ ಫಾರ್ಗೋ. ಪೆರ್ಲದಿಂದ ಮಂಗಳೂರಿಗೆ ಅಡಿಕೆ, ಬರುವಾಗ ಗೊಬ್ಬರ, ಆಮೇಲೆ ಮುರಕಲ್ಲು ಕೋರೆಯ ಕೆಲಸ. ಹೆಸರು ಅಮೆರಿಕದ ಕ್ರೈಸ್ಲರ್ ಕಂಪನಿಯದ್ದು, ತಯಾರಾಗುತ್ತಿದ್ದದ್ದು ಮುಂಬೈಯ ಕುರ್ಲಾದ ಪ್ರೀಮಿಯರ್ ಆಟೋಮೊಬೈಲ್ಸ್‌ನಲ್ಲಿ. ಡಾಜ್‌ಗೂ ಇದಕ್ಕೂ ಮೂತಿಯ ಮೇಲೆ ಬರೆದ ಹೆಸರು ಬಿಟ್ಟರೆ ದೊಡ್ಡ ವ್ಯತ್ಯಾಸ ಇಲ್ಲ. ಒಳಗಿರುವುದು ಆರು ಸಿಲಿಂಡರಿನ ಪರ್ಕಿನ್ಸ್ ಪಿ6 ಡೀಸೆಲ್, ಮದ್ರಾಸಿನ ಸಿಂಪ್ಸನ್‌ನವರು ಮಾಡಿದ್ದು.

ಬೇರೆ ಗ್ಯಾರೇಜುಗಳಲ್ಲಿ ಎಲ್ಲರದ್ದೂ ಒಂದೇ ಸಲಹೆ: ಇಂಜಿನ್ ತೆಗೆದು ಬೇರೆ ಕಂಪನಿಯದ್ದು ಕೂರಿಸಿ. ಇಲ್ಲಿಯ ಮೆಕ್ಯಾನಿಕ್, ಎಲ್ಲರೂ ಇಚ್ಚ (ಅಣ್ಣ) ಅಂತ ಕರೆಯುವವರು, ಇಂಜಿನ್ನಿನ ಮೇಲಿನ ಹೆಡ್ ಬಿಚ್ಚಿ ನೋಡಿ, "ಬೋರ್ (ಸಿಲಿಂಡರಿನ ಒಳಗೋಡೆ) ತಿಂದಿದೆ, ಆದರೆ ಬ್ಲಾಕ್ ಗಟ್ಟಿ ಉಂಟು. ಬೇರೆ ಇಂಜಿನ್ ಹಾಕಿದ್ರೆ ಮತ್ತೆ ಇದು ಫಾರ್ಗೋ ಎಂತದ್ದು?" ಅಂದರು. ಸಿಗದ ಸಾಮಾನನ್ನು ಮಂಗಳೂರಿನ ಲೇತ್‌ನಲ್ಲಿ ಮಾಡಿಸಿದರು. ಮುಂದಿನ ಚಕ್ರ ತಿರುಗುವ ಕೀಲಿನ ಕಿಂಗ್ ಪಿನ್ ಬುಷ್ ಸರಿ ಕೂರಲಿಲ್ಲ ಅಂತ ವಾಪಸ್ ಕಳಿಸಿ ಮತ್ತೆ ಮಾಡಿಸಿದರು. ಬಿಲ್ಲು ಹೇಳಿದ್ದಕ್ಕಿಂತ ಜಾಸ್ತಿಯೇ ಆಯಿತು. ಆದರೆ ಪ್ರತಿ ಚೀಟಿ ಕೈಗೆ ಕೊಟ್ಟರು, ಹಳೇ ಪಿಸ್ಟನ್‌ಗಳನ್ನೂ ಕೂಡ!

ನನಗೆ ತುಂಬಾ ಇಷ್ಟವಾದದ್ದು ಮರದ ಕೆಲಸ. ಅಮೆರಿಕದವರ ಹಳೇ ಫೋರ್ಡ್, ಶೆವರ್ಲೆ ಪಿಕಪ್‌ಗಳಿಗೆ ಕಂಪನಿಯದ್ದೇ ತಗಡಿನ ಕ್ಯಾಬಿನ್. ಅಲ್ಲಿ ರಿಪೇರಿ ಅಂದರೆ ತುಕ್ಕಿನ ಜತೆ ಜಗಳ. ನಮ್ಮಲ್ಲಿ ಬರುತ್ತಿದ್ದದ್ದು ಹೆಚ್ಚಾಗಿ ಚಾಸಿ (ಕೆಳಗಿನ ಚೌಕಟ್ಟು) ಮತ್ತು ಮುಂದಿನ ಮೂತಿ ಮಾತ್ರ. ಕ್ಯಾಬಿನ್ ಊರಿನ ಆಚಾರಿಗಳು ಕಟ್ಟಿದ್ದು. ಹಾಗಾಗಿ ಮೆಕ್ಯಾನಿಕ್ ಎಷ್ಟು ಮುಖ್ಯವೋ ಆಚಾರಿಯೂ ಅಷ್ಟೇ ಮುಖ್ಯ. ಇಚ್ಚ ಕರೆಸಿದ ಆಚಾರಿ ಕೊಳೆತ ಕಂಬಗಳನ್ನಷ್ಟೇ ತೆಗೆದು ಹಲಸಿನ ಮರ ಕೂಡಿಸಿದರು. ಅಜ್ಜ ಹಿಡಿದು ಹಿಡಿದು ನುಣುಪಾದ ಬಾಗಿಲಿನ ಚೌಕಟ್ಟು ಹಾಗೇ ಉಳಿಯಿತು.

ಪೇಂಟಿನವನು ಮಾತ್ರ ಕೆಡಿಸಿದ. ಎಲ್ಲದಕ್ಕೂ ಪುಟ್ಟಿ ಮೆತ್ತಿ ಮದುವೆ ಕಾರಿನ ಹಾಗೆ ಮಿಂಚಿಸಿಬಿಟ್ಟ. ಬಾನೆಟ್ ಮೇಲಿದ್ದ ಹಳೇ ಗುಳಿಗಳೂ ಮಾಯ. ಕೇಳಿದರೆ "ಫೋಟೋಕ್ಕೆ ಚಂದ ಬರ್ತದೆ" ಅಂದ.

ಹಳೇ ಲಾರಿಗಳ ಬೆಲೆ ಏರಿದ್ದು ಫೋಟೋದಿಂದ ಅಲ್ಲ ಅಲ್ವಾ? ಅಮೆರಿಕದಲ್ಲಿ ಮಹಾಯುದ್ಧದ ಮಿಲಿಟರಿ ಗಾಡಿಯಿಂದ ಹುಟ್ಟಿ 1946ರಲ್ಲಿ ರೈತರ ಕೈಗೆ ಬಂದ ಡಾಜ್ ಪವರ್ ವ್ಯಾಗನ್ ಚೆನ್ನಾಗಿ ರಿಪೇರಿಯಾಗಿದ್ದರೆ ಇವತ್ತು ಲಕ್ಷ ಡಾಲರ್ ದಾಟಿದ್ದುಂಟು. ದುಡಿಯುವ ಗಾಡಿಯನ್ನು ಯಾರೂ ಮುಚ್ಚಿಡಲಿಲ್ಲ. ಸವೆಯುವವರೆಗೆ ದುಡಿಸಿ ಗುಜರಿಗೆ ಹಾಕಿದರು. ಉಳಿದದ್ದು ಕಡಿಮೆ, ಅದಕ್ಕೇ ಆ ರೇಟು. ನಮ್ಮ ಫಾರ್ಗೋವನ್ನೂ ಬೆಂಗಳೂರಿನವರೊಬ್ಬರು ಹೋಟೆಲ್ ಎದುರು ನಿಲ್ಲಿಸಲು ಕೇಳಿದರು. ಕೊಡಲಿಲ್ಲ. ಡಬಲ್ ಕ್ಲಚ್ ಹಾಕಿ (ಗೇರ್ ಬದಲಿಸಲು ಎರಡು ಸಲ ಕ್ಲಚ್ ಒತ್ತಿ) ಏರು ಹತ್ತುವಾಗ ಬರುವ ಆ ಸದ್ದು ಸುಮ್ನೆ ನಿಲ್ಲಿಸಿಟ್ಟರೆ ಬರುವುದಿಲ್ಲ.

ಹಳೇ ಲಾರಿ ಕೊಳ್ಳುವವರು ಮೊದಲು ಕಾಗದ ನೋಡಿ. 2021ರಲ್ಲಿ ಬಂದ ವಿಂಟೇಜ್ (ಹಳೇ ಗಾಡಿಗಳ) ನೋಂದಣಿ 50 ವರ್ಷ ದಾಟಿದ ಸ್ವಂತ ಬಳಕೆಯ ಎರಡು, ನಾಲ್ಕು ಚಕ್ರದ ಗಾಡಿಗೆ, ಬಾಡಿಗೆಗೆ ಓಡುವುದಕ್ಕೆ ಅಲ್ಲ. ಇಚ್ಚನಿಗೆ ಮಳೆಗಾಲದಲ್ಲಿ ಗಾಡಿ ಕೊಡಬೇಡಿ, ಶೀಟು ಸೋರುತ್ತದೆ. ಶುಕ್ರವಾರ ಮಧ್ಯಾಹ್ನ ಗ್ಯಾರೇಜು ಮುಚ್ಚಿರುತ್ತದೆ.