ಕೀಮೋ ಆದಮೇಲೆ ನಾನು ಬಳಸಿದ ಎರಡು ಜೆಲ್: ಒಂದು ಒಣಗದಂತೆ ಇಡಲು, ಇನ್ನೊಂದು ಆ ಹೊತ್ತಿಗೆ

ಮೊದಲೇ ಹೇಳಿಬಿಡುತ್ತೇನೆ, ಇದು ಯೋನಿ ಒಣಗುವುದಕ್ಕೆ ಹಚ್ಚುವ ಜೆಲ್‌ಗಳ ರಿವ್ಯೂ. ಮುಜುಗರ ಅಂತ ಒಂದೂವರೆ ವರ್ಷ ಯಾರಿಗೂ ಹೇಳಲಿಲ್ಲ, ಆ ಒಂದೂವರೆ ವರ್ಷ ಸುಮ್ನೆ ನೋವು ತಿಂದೆ. ಚಿಕ್ಕ ವಯಸ್ಸಿಗೇ ಸ್ತನ ಕ್ಯಾನ್ಸರ್ ಆಗಿ ಈಗ ಮನೆಗೆ ವಾಪಸ್ ಬಂದಿರುವ ಯಾರಾದರೂ ಇದನ್ನು ಓದಲಿ ಅಂತ ಬರೆಯುತ್ತಿದ್ದೇನೆ.

ನಮ್ಮದು ತೀರ್ಥಹಳ್ಳಿ ಕಡೆ ಅಡಿಕೆ ತೋಟದ ಮನೆ. 33ನೇ ವಯಸ್ಸಿಗೆ ನನ್ನ ಎಡ ಸ್ತನ ತೆಗೆದರು, ಆಮೇಲೆ ಕೀಮೋ ಆಯಿತು. ನನ್ನದು ಹಾರ್ಮೋನಿನಿಂದ ಬೆಳೆಯುವ ಗಡ್ಡೆ. ಅದಕ್ಕೆ 28 ದಿನಕ್ಕೊಮ್ಮೆ ಹೊಟ್ಟೆಗೆ ಗೋಸೆರೆಲಿನ್ ಇಂಜೆಕ್ಷನ್, ದಿನಾ ಒಂದು ಲೆಟ್ರೊಜೋಲ್ ಮಾತ್ರೆ. ಇಂಜೆಕ್ಷನ್ ಅಂಡಾಶಯದ ಕೆಲಸ ನಿಲ್ಲಿಸುತ್ತದೆ, ಮೈಯ ಬೇರೆ ಕಡೆ ತಯಾರಾಗುವ ಈಸ್ಟ್ರೋಜೆನ್ ಅನ್ನುವ ಹೆಣ್ಣು ಹಾರ್ಮೋನನ್ನು ಮಾತ್ರೆ ತಡೆಯುತ್ತದೆ. ಆದರೆ ಯೋನಿಯ ಒಳಚರ್ಮ ದಪ್ಪವಾಗಿ, ಪಸೆಯಾಗಿ ಇರುವುದೂ ಅದೇ ಈಸ್ಟ್ರೋಜೆನ್‌ನಿಂದ. ವಯಸ್ಸಾದಂತೆ ನಿಧಾನಕ್ಕೆ ಆಗಬೇಕಾಗಿದ್ದು ನನಗೆ ಕೆಲವೇ ತಿಂಗಳಲ್ಲಿ ಆಗಿಹೋಯಿತು. ಮೂತ್ರಕ್ಕೆ ಹೋದರೆ ಉರಿ, ಜಾಸ್ತಿ ಹೊತ್ತು ಕೂತರೆ ಉರಿ, ನಮ್ಮನೆಯವರು ಹತ್ತಿರ ಬಂದರೆ ಬ್ಲೇಡಿನಲ್ಲಿ ಗೀರಿದ ಹಾಗೆ.

ಚಿಕಿತ್ಸೆ ಆದ ಆಸ್ಪತ್ರೆಯಲ್ಲಿ ಕೂದಲು ಉದುರುವುದು, ವಾಂತಿ, ಕೈ ಬಾವು ಎಲ್ಲವನ್ನೂ ಹೇಳಿದ್ದರು, ಇದೊಂದನ್ನು ಹೇಳಲಿಲ್ಲ. ನಾನೂ ಕೇಳಲಿಲ್ಲ. ಬದುಕಿ ಬಂದಿದ್ದೇ ಹೆಚ್ಚು, ಇದನ್ನೆಲ್ಲ ಕೇಳುವುದಾ ಅಂತ ಅನಿಸುತ್ತದೆ ಅಲ್ವಾ? ಕೊನೆಗೆ ಶಿವಮೊಗ್ಗದಲ್ಲಿ ಒಬ್ಬ ಲೇಡಿ ಡಾಕ್ಟರ್ ಹತ್ತಿರ ಉರಿಮೂತ್ರ ಅಂತ ಹೋದೆ. ಅವರೇ ಕೇಳಿದರು, "ಗಂಡನ ಜೊತೆ ಇರುವಾಗ ನೋವಾಗುತ್ತಾ ಅಮ್ಮಾ?" ಅಲ್ಲೇ ಅತ್ತುಬಿಟ್ಟೆ.

ಅವರು ಹೇಳಿದ ಮೇಲೇ ನನಗೆ ಗೊತ್ತಾಗಿದ್ದು, ಮಾಯಿಶ್ಚರೈಸರ್ ಬೇರೆ, ಲೂಬ್ರಿಕೆಂಟ್ ಬೇರೆ. ಮಾಯಿಶ್ಚರೈಸರ್ ಮುಖಕ್ಕೆ ಕ್ರೀಮ್ ಹಚ್ಚಿದ ಹಾಗೆ, ಗಂಡನ ಜೊತೆ ಸೇರಲಿ ಬಿಡಲಿ ತಪ್ಪದೆ ಹಚ್ಚಬೇಕು. ನಾನು ತಂದಿದ್ದು ಪಸೆ ಹಿಡಿದಿಡುವ ಹೈಲುರಾನಿಕ್ ಆಸಿಡ್ ಇರುವ ಜೆಲ್, ಹಾರ್ಮೋನ್ ಇಲ್ಲದ್ದು. ಒಳಗೆ ಹಾಕಲು ಜೊತೆಗೇ ಒಂದು ಪ್ಲಾಸ್ಟಿಕ್ ನಳಿಕೆ ಕೊಡುತ್ತಾರೆ. ವಾರಕ್ಕೆ 3 ರಾತ್ರಿ, ಮಲಗುವ ಮುಂಚೆ. ಮೊದಲ ಎರಡು ವಾರ ಏನೂ ಗೊತ್ತಾಗಲಿಲ್ಲ, ದುಡ್ಡು ದಂಡ ಅಂದುಕೊಂಡೆ. ಒಂದು ತಿಂಗಳ ಹೊತ್ತಿಗೆ ಕೂತಾಗಿನ ಉರಿ ಹೋಯಿತು, ಅದಕ್ಕೇ ಇದಕ್ಕೆ ಪೂರ್ತಿ ಅಂಕ ಕೊಡುತ್ತೇನೆ. ಬೆಳಿಗ್ಗೆ ಸ್ವಲ್ಪ ಹೊರಗೆ ಬರುತ್ತದೆ, ಪ್ಯಾಡ್ ಇಟ್ಟುಕೊಳ್ಳಿ. ಬೆಲೆ ಜಾಸ್ತಿ, ಅದು ಬೇಜಾರು.

ಲೂಬ್ರಿಕೆಂಟ್ ಅಂದರೆ ಜಾರಲು ಹಚ್ಚುವ ಜೆಲ್, ಗಂಡನ ಜೊತೆ ಸೇರುವ ಹೊತ್ತಿಗೆ ಮಾತ್ರ. ಇದರಲ್ಲಿ ಮೊದಲ ಸಲ ಮೋಸ ಹೋದೆ. ಪರಿಮಳ ಇರುವ, ಬಿಸಿ ಅನಿಸುವ ಒಂದು ಟ್ಯೂಬ್ ತಂದೆ, ಹಚ್ಚಿದ ಕೂಡಲೇ ಉರಿ ತಡೆಯಲಾಗದೆ ಎದ್ದು ತೊಳೆದುಕೊಂಡೆ. ಪೆಟ್ಟಿಗೆ ಹಿಂದೆ ಓದಿ ಕೊಳ್ಳಿ. ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕಾಲ್ ಜಾಸ್ತಿ ಇದ್ದರೆ ಅದು ಚರ್ಮದ ನೀರನ್ನೇ ಎಳೆಯುತ್ತದೆ. ಅಪ್ಪೆಮಿಡಿಗೆ ಉಪ್ಪು ಹಾಕಿದರೆ ನೀರು ಬಿಟ್ಟು ಸುಕ್ಕಾಗುತ್ತಲ್ಲ, ಹಾಗೆ. ಇದನ್ನು ಅಳೆಯುವುದಕ್ಕೆ ಆಸ್ಮೊಲಾಲಿಟಿ ಅಂತ ಒಂದು ಸಂಖ್ಯೆ ಇದೆ, ಅದು 1200 ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಪಿಎಚ್, ಅಂದರೆ ಹುಳಿಯ ಅಳತೆ, 4.5ರ ಆಸುಪಾಸು ಇದ್ದರೆ ಒಳ್ಳೆಯದು. ಎರಡನೇ ಸಲ ವಾಸನೆ ಇಲ್ಲದ ನೀರಿನ ಜೆಲ್ ತಂದೆ, ಉರಿ ಇಲ್ಲ. ಬೇಗ ಒಣಗುತ್ತದೆ, ಆಗ ಬೆರಳಲ್ಲಿ ಒಂದೆರಡು ಹನಿ ನೀರು ಸೇರಿಸಿದರೆ ಮತ್ತೆ ಜಾರುತ್ತದೆ. ಸಿಲಿಕಾನಿನದ್ದು ಇನ್ನೂ ಹೆಚ್ಚು ಹೊತ್ತು ಬರುತ್ತದೆ, ಆದರೆ ಅದನ್ನು ನಾನು ಬಳಸಿಲ್ಲ.

ನಮ್ಮ ಕಡೆ ಎಲ್ಲದಕ್ಕೂ ತೆಂಗಿನೆಣ್ಣೆ. ಕಾಂಡೋಮ್ ಬಳಸುವವರು ಇದಕ್ಕೆ ಮಾತ್ರ ಬೇಡ, ಎಣ್ಣೆಗೆ ರಬ್ಬರ್ ಹರಿಯುತ್ತದೆ. ಮುಟ್ಟು ನಿಂತಿದೆ ಅಂತ ಕಾಂಡೋಮ್ ಬಿಡಲೂಬೇಡಿ. ಈ ಔಷಧಿ ನಡೆಯುವಾಗ ಗರ್ಭ ನಿಲ್ಲಬಾರದು, ಗರ್ಭ ತಡೆಯುವ ಹಾರ್ಮೋನ್ ಮಾತ್ರೆಯೂ ನಮ್ಮಂಥವರಿಗೆ ಆಗುವುದಿಲ್ಲ. ಕಾಂಡೋಮ್ ಇಲ್ಲವೇ ಕಾಪರ್-ಟಿ, ಅಷ್ಟೇ. ಹಾಗೇ, ಯಾರಾದರೂ ಈಸ್ಟ್ರೋಜೆನ್ ಕ್ರೀಮ್ ಬರೆದುಕೊಟ್ಟರೆ ಕ್ಯಾನ್ಸರ್ ಡಾಕ್ಟರನ್ನು ಕೇಳದೆ ಹಚ್ಚಬೇಡಿ, ಅದರಲ್ಲೂ ಲೆಟ್ರೊಜೋಲ್ ತರಹದ ಮಾತ್ರೆ ತಗೊಳ್ಳುವವರು.

ಜೆಲ್‌ನಿಂದ ಆಗದ ಕೆಲಸವೂ ಇದೆ. ನೋವು ಕಡಿಮೆ ಆಯಿತು, ಆಸೆ ತಾನಾಗಿ ಬರಲಿಲ್ಲ. ಎದೆಯ ಎಡಭಾಗ ಮರಗಟ್ಟಿದೆ, ಅಲ್ಲಿ ಕೈ ಇಟ್ಟರೆ ಬೇರೆ ಯಾರದ್ದೋ ಮೈ ಮುಟ್ಟಿದ ಹಾಗೆ. ರವಿಕೆ ತೆಗೆಯಲು ಇವತ್ತಿಗೂ ಕಷ್ಟ. ಇವರು ದೂರ ಮಲಗುತ್ತಿದ್ದುದಕ್ಕೆ ನನ್ನನ್ನು ನೋಡಿ ಹೇಸಿಗೆ ಆಯಿತೇನೋ ಅಂದುಕೊಂಡಿದ್ದೆ. ಡಾಕ್ಟರ್ ಹತ್ತಿರ ಇಬ್ಬರೂ ಹೋದಾಗ ಗೊತ್ತಾಯಿತು, ಗಾಯಕ್ಕೆ ನೋವಾಗುತ್ತೇನೋ, ಸೇರಿದರೆ ಕಾಯಿಲೆ ಮರುಕಳಿಸುತ್ತೇನೋ ಅಂತ ಇವರು ಹೆದರಿದ್ದರು. ಸೇರುವುದರಿಂದ ಕ್ಯಾನ್ಸರ್ ಬರುವುದೂ ಇಲ್ಲ, ಅಂಟುವುದೂ ಇಲ್ಲ ಅಂತ ಡಾಕ್ಟರ್ ಬಿಡಿಸಿ ಹೇಳಿದರು. ಆಮೇಲೆ ಒಂದು ತಿಂಗಳು ಸೇರುವ ಮಾತೇ ಇಲ್ಲದೆ ಬರೀ ತಬ್ಬಿಕೊಂಡು ಮಲಗಿದೆವು, ಮಳೆಗಾಲ ಬೇರೆ. ಯಾವ ಟ್ಯೂಬಿಗಿಂತಲೂ ನನಗೆ ಅದೇ ಜಾಸ್ತಿ ಉಪಯೋಗ ಆಯಿತು.

ಊರಿನ ಮೆಡಿಕಲ್ ಶಾಪಿನವರು ಮಾವನವರಿಗೆ ಪರಿಚಯ, ಅಲ್ಲಿ ಕೇಳಲು ಬಾಯಿ ಬರಲಿಲ್ಲ. ಇಂಜೆಕ್ಷನ್‌ಗೆ ಹೋದಾಗ ಶಿವಮೊಗ್ಗದ ದುರ್ಗಿಗುಡಿಯಲ್ಲಿ ಡಾಕ್ಟರ್ ಚೀಟಿ ತೋರಿಸಿ ತಗೊಂಡೆ. ಕೌಂಟರಿನ ಹುಡುಗಿ, "ಸ್ಟಾಕ್ ಇಲ್ಲ ಅಕ್ಕಾ, ನಾಳೆ ತರಿಸಿಡ್ತೀನಿ" ಅಂದಳು, ತರಿಸಿಟ್ಟಳು.

ಯೋನಿಯ ಬಾಯಿಯ ಹತ್ತಿರ ಇನ್ನೂ ಸ್ವಲ್ಪ ಉರಿ ಉಳಿದಿದೆ. ಅದಕ್ಕೆ 4% ಲಿಡೊಕೇನ್ ಅನ್ನುವ, ಚರ್ಮ ಮರಗಟ್ಟಿಸುವ ದ್ರವದಲ್ಲಿ ಹತ್ತಿ ಅದ್ದಿ, ಸೇರುವ ಮುಂಚೆ 3 ನಿಮಿಷ ಇಟ್ಟುಕೊಳ್ಳಬಹುದು ಅಂತ ಡಾಕ್ಟರ್ ಹೇಳಿದ್ದಾರೆ. ಮುಂದಿನ ಇಂಜೆಕ್ಷನ್‌ಗೆ ಹೋದಾಗ ಬರೆಸಿಕೊಂಡು ಬರುತ್ತೇನೆ. ಹೇಗಾಯಿತು ಅಂತ ಇಲ್ಲೇ ಬರೆಯುತ್ತೇನೆ.