ಹೋಂಡಾ ಬಾಲ್ ಜಾಯಿಂಟ್: ಎಡಗಡೆಗೆ ಎರವಲು ಟೂಲ್, ಬಲಗಡೆಗೆ ಕೊಂಡ ಟೂಲ್

ನಮ್ಮದು 2006ರ ಹೋಂಡಾ ಅಕಾರ್ಡ್, ನಾಲ್ಕು ಸಿಲಿಂಡರಿನದು. ನಾವಿರುವುದು ಅಮೆರಿಕದ ಮಿಶಿಗನ್‌ನಲ್ಲಿ. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆಲ್ಲ ಉಪ್ಪು ಸುರಿಯುತ್ತಾರೆ. ಆ ಉಪ್ಪು ನೀರು ಕಾರಿನ ಅಡಿಗೆ ಸೇರಿ ನಟ್ಟು ಬೋಲ್ಟು ಯಾವುದನ್ನೂ ಬಿಡದೆ ತುಕ್ಕು ಹಿಡಿಸುತ್ತದೆ. ಕಳೆದ ವರ್ಷ ಮುಂದಿನ ಎರಡೂ ಚಕ್ರಗಳ ಕೆಳಗಿನ ಬಾಲ್ ಜಾಯಿಂಟ್ (ಚಕ್ರದ ಭಾಗವನ್ನು ಕಾರಿನ ಅಡಿಯ ತೋಳಿಗೆ ಸೇರಿಸುವ, ಎಲ್ಲ ಕಡೆ ತಿರುಗುವ ಗುಂಡು ಕೀಲು) ಸಡಿಲವಾಗಿ, ಹಂಪ್ ಬಂದಾಗಲೆಲ್ಲ ಟಕ್ ಟಕ್ ಸದ್ದು ಶುರುವಾಯಿತು. ಗ್ಯಾರೇಜಿನವರು ಎರಡಕ್ಕೂ ಸೇರಿ 480 ಡಾಲರ್ ಕೇಳಿದರು. ಪಾರ್ಟ್ ಬೆಲೆ ಎರಡೂ ಸೇರಿ 60 ಡಾಲರ್ ಮುಟ್ಟುವುದಿಲ್ಲ, ಉಳಿದದ್ದೆಲ್ಲ ಕೂಲಿ. ಬೆಂಗಳೂರಿನಲ್ಲಿದ್ದಾಗ ಜೆ.ಸಿ. ರಸ್ತೆಯಲ್ಲಿ ಪಾರ್ಟ್ ತಗೊಂಡು ನಮ್ಮ ಮೆಕ್ಯಾನಿಕ್ ಕೈಗೆ ಕೊಟ್ಟರೆ ಸಂಜೆಯೊಳಗೆ ಕಾರು ಸಿದ್ಧವಾಗಿರುತ್ತಿತ್ತು. ಇಲ್ಲಿ ಆ ಕೂಲಿ ಕೊಡುವುದಕ್ಕಿಂತ ನಾನೇ ಮಾಡುತ್ತೇನೆ ಅಂತ ಕೂತೆ.

ಈ ಕಾರಿನಲ್ಲಿ ಒಂದು ತೊಂದರೆ ಇದೆ. ಬಾಲ್ ಜಾಯಿಂಟನ್ನು ಬೋಲ್ಟ್ ಹಾಕಿ ಕೂರಿಸಿಲ್ಲ, ಚಕ್ರ ಹಿಡಿದಿರುವ ಲೋಹದ ಭಾಗವಾದ ನಕಲ್‌ನೊಳಗೆ ಬಿಗಿಯಾಗಿ ಒತ್ತಿ ಕೂರಿಸಿದ್ದಾರೆ. ಸುತ್ತಿಗೆಯಿಂದ ಬಡಿದು ತೆಗೆಯಲು ಹೋದರೆ ನಕಲ್ ಹಾಳಾಗುತ್ತದೆ. ಇದಕ್ಕೆ ಬಾಲ್ ಜಾಯಿಂಟ್ ಪ್ರೆಸ್ ಬೇಕು. ಇಂಗ್ಲಿಷಿನ ಸಿ ಅಕ್ಷರದ ಆಕಾರದ ದಪ್ಪ ಕಬ್ಬಿಣ, ಒಂದು ತುದಿಯಲ್ಲಿ ಜಾಯಿಂಟನ್ನು ಒತ್ತಿ ಹೊರಗೆ ತಳ್ಳುವ ಭಾರಿ ಸ್ಕ್ರೂ, ಜೊತೆಗೆ ಬೇರೆ ಬೇರೆ ಅಳತೆಯ ಬಟ್ಟಲುಗಳು. ಮನೆಯಲ್ಲಿ ರಿಪೇರಿ ಮಾಡುವವರಿಗೆ ಇದು ಹತ್ತು ವರ್ಷಕ್ಕೊಮ್ಮೆ ಬೇಕಾದರೆ ಜಾಸ್ತಿ.

ಇಂಥದ್ದನ್ನೇ ಇಲ್ಲಿನ ಪಾರ್ಟ್ಸ್ ಅಂಗಡಿಗಳು ಎರವಲು ಕೊಡುತ್ತವೆ. ಆಟೋಝೋನ್, ಓ'ರೈಲಿ, ಅಡ್ವಾನ್ಸ್ ಆಟೋ ಪಾರ್ಟ್ಸ್ ಮೂರರಲ್ಲೂ ಕ್ರಮ ಹೆಚ್ಚುಕಡಿಮೆ ಒಂದೇ. ಟೂಲಿನ ಪೂರ್ತಿ ಬೆಲೆಯನ್ನು ಡೆಪಾಸಿಟ್ ಕಟ್ಟಬೇಕು, ವಾಪಸ್ ಕೊಟ್ಟಾಗ ಪೂರ್ತಿ ಹಣ ಹಿಂದಿರುಗುತ್ತದೆ. ಬಾಡಿಗೆ ಅಂತ ಒಂದು ಪೈಸೆಯೂ ಇಲ್ಲ. ಆಟೋಝೋನ್‌ನಲ್ಲಿ 90 ದಿನ ಇಟ್ಟುಕೊಳ್ಳಬಹುದು, ಆ ಗಡುವು ದಾಟಿದರೆ ಟೂಲ್ ನಮ್ಮದು, ಹಣ ಅವರದು. ಎಲ್ಲ ಅಂಗಡಿಯಲ್ಲೂ ಗಡುವು ಅಷ್ಟೇ ಇರುವುದಿಲ್ಲ, ಆದ್ದರಿಂದ ರಸೀದಿ ಕೈಗೆ ಬಂದ ತಕ್ಷಣ ಅದರಲ್ಲಿ ಏನಿದೆ ಓದಿ, ಮತ್ತು ಆ ರಸೀದಿಯನ್ನು ಪೆಟ್ಟಿಗೆಯೊಳಗೇ ಇಡಿ. ಡೆಬಿಟ್ ಕಾರ್ಡ್ ಬೇಡ, ಕ್ರೆಡಿಟ್ ಕಾರ್ಡ್ ಕೊಡಿ. ನಾನು ಮೊದಲ ಸಲ ಡೆಬಿಟ್ ಕಾರ್ಡ್ ಉಜ್ಜಿದ್ದೆ, ಪ್ರೆಸ್ ಮತ್ತು ಅಡಾಪ್ಟರ್ ಸೆಟ್ ಸೇರಿ ಇನ್ನೂರು ಡಾಲರಿಗಿಂತ ಜಾಸ್ತಿ ಖಾತೆಯಿಂದ ಅವತ್ತೇ ಹೋಯಿತು. ವಾಪಸ್ ಕೊಟ್ಟ ಮೇಲೂ ಹಣ ಬರಲು ನಾಲ್ಕು ದಿನ ಹಿಡಿಯಿತು, ಅದೇ ವಾರ ಮನೆ ಬಾಡಿಗೆ ಕಟ್ಟಬೇಕಿತ್ತು.

ಎಡಗಡೆಯ ಜಾಯಿಂಟಿಗೆ ಎರವಲು ಟೂಲ್ ತಂದೆ. ಮೊದಲು ಹೋದ ಅಂಗಡಿಯ ಹೆಸರು ಹೇಳುವುದಿಲ್ಲ. ಅಲ್ಲಿ ಕೊಟ್ಟ ಪೆಟ್ಟಿಗೆಯನ್ನು ತೆರೆಯದೆ ಮನೆಗೆ ತಂದೆ, ಕಾರನ್ನು ಜಾಕ್ ಸ್ಟ್ಯಾಂಡ್ ಮೇಲೆ ಕೂರಿಸಿ, ಚಕ್ರ ಬಿಚ್ಚಿ, ಬ್ರೇಕ್ ಬಿಚ್ಚಿ, ಆಕ್ಸಲ್ ಹೊರಗೆಳೆದು, ಎಲ್ಲ ಮುಗಿಸಿ ಪೆಟ್ಟಿಗೆ ತೆರೆದರೆ ಎರಡು ಬಟ್ಟಲುಗಳ ಜಾಗ ಖಾಲಿ. ಇದ್ದ ಸ್ಕ್ರೂವಿನ ಮರೆಯೂ (ಸುತ್ತಲಿನ ತಿರುಪು ಗೆರೆ, ಥ್ರೆಡ್) ಅರ್ಧ ಸವೆದಿತ್ತು. ಬಿಚ್ಚಿದ ಕಾರನ್ನು ಓಡಿಸುವ ಹಾಗಿಲ್ಲ, ಪಕ್ಕದ ಮನೆಯವರನ್ನು ಕೇಳಿಕೊಂಡು ಅವರ ಕಾರಿನಲ್ಲಿ ವಾಪಸ್ ಹೋಗಬೇಕಾಯಿತು. ಅಂಗಡಿಯವರು ತಕರಾರು ಮಾಡದೆ ಹಣ ಕೊಟ್ಟರು, ಆದರೆ ಅರ್ಧ ಶನಿವಾರ ಹಾಳಾಯಿತು. ಹಾಗಾಗಿ ಕೌಂಟರಿನ ಮೇಲೆಯೇ ಪೆಟ್ಟಿಗೆ ತೆರೆಸಿ. ಒಳಗಿನ ಪಟ್ಟಿಯ ಪ್ರಕಾರ ಒಂದೊಂದನ್ನೂ ಎಣಿಸಿ, ಫೋನಿನಲ್ಲಿ ಫೋಟೋ ತೆಗೆದುಕೊಳ್ಳಿ. ಏನಾದರೂ ಇಲ್ಲದಿದ್ದರೆ ಅದನ್ನು ರಸೀದಿಯ ಮೇಲೆ ಬರೆಸಿ, ಇಲ್ಲದಿದ್ದರೆ ನೀವೇ ಕಳೆದಿರಿ ಅಂತ ಆಗಬಹುದು.

ಎರಡನೇ ಅಂಗಡಿಯ ಪ್ರೆಸ್ ಚೆನ್ನಾಗಿತ್ತು. ಹೋಗುವ ಮುಂಚೆ ಫೋನ್ ಮಾಡಿ ಕೇಳಿದ್ದೆ, ಏಕೆಂದರೆ ಎಲ್ಲ ಶಾಖೆಯಲ್ಲೂ ಎಲ್ಲ ಟೂಲ್ ಇರುವುದಿಲ್ಲ, ಇದ್ದರೂ ಬೇರೆ ಯಾರೋ ತೆಗೆದುಕೊಂಡು ಹೋಗಿರುತ್ತಾರೆ. ಅಲ್ಲಿನ ಹಿರಿಯರೊಬ್ಬರು ಹೇಳಿಕೊಟ್ಟದ್ದು ಇವತ್ತಿಗೂ ಪಾಲಿಸುತ್ತೇನೆ: ಸ್ಕ್ರೂ ತಿರುಗಿಸುವ ಮುಂಚೆ ಮರೆಗೆ ಗ್ರೀಸ್ ತುಂಬಬೇಕು. ಒಣ ಮರೆಯ ಮೇಲೆ ಅಷ್ಟು ಭಾರ ಬಿದ್ದರೆ ಕಬ್ಬಿಣಕ್ಕೆ ಕಬ್ಬಿಣ ಕಚ್ಚಿಕೊಂಡು ಟೂಲೇ ಹಾಳಾಗುತ್ತದೆ. ಜಾಯಿಂಟನ್ನು ಜಾಗದಲ್ಲಿ ಹಿಡಿದಿಡುವ ಉಂಗುರದಂಥ ಸರ್ಕ್ಲಿಪ್ ತೆಗೆದು, ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯೆಲ್ಲ ಬಿಟ್ಟು, ಬೆಳಿಗ್ಗೆ ಉದ್ದನೆ ಹಿಡಿಯ ರ‍್ಯಾಚೆಟ್ ಹಾಕಿ ಎಳೆದಾಗ ಗುಂಡು ಹೊಡೆದ ಹಾಗೆ ಸದ್ದಾಗಿ ಹಳೆಯ ಜಾಯಿಂಟ್ ಕದಲಿತು. ಹೊಸದನ್ನು ಫ್ರೀಜರಿನಲ್ಲಿ ಇಟ್ಟಿದ್ದೆ. ತಣ್ಣಗಾದರೆ ಕೂದಲೆಳೆಯಷ್ಟು ಕುಗ್ಗುತ್ತದೆ, ಒಳಗೆ ಹೋಗುವುದು ಸಲೀಸು.

ಬಲಗಡೆಯ ಹೊತ್ತಿಗೆ ಅಗ್ಗದ ಟೂಲ್ ಮಾರುವ ಅಂಗಡಿ ಹಾರ್ಬರ್ ಫ್ರೈಟ್‌ಗೆ ಹೋಗಿ ಪ್ರೆಸ್ ಕೊಂಡೆ. ಕೂಪನ್ ಹಾಕಿ ನನಗೆ 80 ಡಾಲರ್ ಆಸುಪಾಸು ಬಿತ್ತು. ಹೊಸದು, ಎಲ್ಲ ಬಟ್ಟಲೂ ಜಾಗದಲ್ಲಿತ್ತು, ಮರೆ ಹರಿತವಾಗಿತ್ತು. ಕೆಲಸ ಎಡಗಡೆಗಿಂತ ಎರಡು ಗಂಟೆ ಬೇಗ ಮುಗಿಯಿತು, ಅದರಲ್ಲಿ ಅರ್ಧ ಪುಣ್ಯ ಟೂಲಿಗೆ, ಅರ್ಧ ನಾನು ಒಂದು ಸಲ ಮಾಡಿ ಕಲಿತದ್ದಕ್ಕೆ. ಆದರೂ ಪ್ರೆಸ್ ವಿಷಯದಲ್ಲಿ ನನ್ನ ಮತ ಎರವಲಿನ ಕಡೆಗೇ. ಎಂಟು ಕಿಲೋಗೂ ಮಿಕ್ಕ ಕಬ್ಬಿಣ ಈಗ ನನ್ನ ಗ್ಯಾರೇಜಿನ ಮೂಲೆಯಲ್ಲಿ ಕೂತಿದೆ. ಒಮ್ಮೆ ಬಳಸುವ, ಒರಟಾದ, ಅಳತೆ ತಪ್ಪುವ ಭಯವಿಲ್ಲದ ಟೂಲಿಗೆ ಸುಮ್ನೆ 80 ಡಾಲರ್ ಯಾಕೆ? ಹಬ್ ಪುಲ್ಲರ್, ಸ್ಲೈಡ್ ಹ್ಯಾಮರ್, ಇನ್ನರ್ ಟೈ ರಾಡ್ ಟೂಲ್, ಆಕ್ಸಲ್ ನಟ್ಟಿನ ದೊಡ್ಡ ಸಾಕೆಟ್ ಇವಕ್ಕೂ ಇದೇ ಮಾತು.

ಟಾರ್ಕ್ ರೆಂಚ್ ಮಾತ್ರ ದಯವಿಟ್ಟು ಎರವಲು ತರಬೇಡಿ. ಅದು ಶಕ್ತಿ ಹಾಕುವ ಟೂಲ್ ಅಲ್ಲ, ನಟ್ಟು ಎಷ್ಟು ಬಿಗಿಯಾಯಿತು ಅಂತ ಅಳೆಯುವ ಟೂಲ್. ಇಟ್ಟ ಅಂಕಿ ಮುಟ್ಟಿದಾಗ ಕ್ಲಿಕ್ ಅನ್ನುವ ರೆಂಚನ್ನು ಕೆಲಸವಾದ ಮೇಲೆ ಕನಿಷ್ಠ ಅಂಕಿಗೆ ಇಳಿಸಿ ಇಡಬೇಕು, ಇಲ್ಲದಿದ್ದರೆ ಒಳಗಿನ ಸ್ಪ್ರಿಂಗ್ ಸೋಲುತ್ತದೆ. ನನಗೆ ಸಿಕ್ಕಿದ್ದು 120ರ ಮೇಲೆ ಬಿಗಿದಿಟ್ಟದ್ದು, ತಲೆಯ ಹತ್ತಿರ ಬಿದ್ದ ಗುರುತೂ ಇತ್ತು. ಎಷ್ಟು ದಿನ ಹಾಗಿತ್ತೋ, ಎಷ್ಟು ಸಲ ನೆಲಕ್ಕೆ ಬಿತ್ತೋ. ಅಕಾರ್ಡ್ ಚಕ್ರದ ನಟ್ಟಿಗೆ 80 ಫುಟ್-ಪೌಂಡ್ (ಬಿಗಿಯುವ ಬಲದ ಅಳತೆ) ಬೇಕು, ಆ ರೆಂಚ್ 80ಕ್ಕೆ ಕ್ಲಿಕ್ ಅಂದರೆ ನಿಜವಾಗಿ ಎಷ್ಟು ಅಂತ ನಂಬುವುದು ಹೇಗೆ? ಹೆಂಡತಿ ಮಕ್ಕಳು ಕೂರುವ ಕಾರು. ಹಾರ್ಬರ್ ಫ್ರೈಟ್‌ನ ಪಿಟ್ಸ್‌ಬರ್ಗ್ ಬ್ರ್ಯಾಂಡಿನದು ಇಪ್ಪತ್ತು ಚಿಲ್ಲರೆ ಡಾಲರಿಗೆ ಸಿಕ್ಕಿತು, ನನ್ನ ಕೈ ಬಿಟ್ಟು ಬೇರೆಯವರ ಕೈಗೆ ಹೋಗಿಲ್ಲ.

ಹಿಂದಿನ ಬ್ರೇಕಿನ ಪಿಸ್ಟನ್ ತಿರುಗಿಸುವ ಟೂಲ್ ಕೂಡ ಕೊಳ್ಳುವುದೇ ಲೇಸು, ಆದರೆ ಕಾರಣ ಬೇರೆ. ಅಕಾರ್ಡಿನಲ್ಲಿ ಬ್ರೇಕ್ ಪ್ಯಾಡುಗಳನ್ನು ಒತ್ತಿ ಹಿಡಿಯುವ ಹಿಂದಿನ ಕ್ಯಾಲಿಪರ್‌ನಲ್ಲಿ ಹ್ಯಾಂಡ್ ಬ್ರೇಕ್ ಒಳಗೇ ಸೇರಿರುವುದರಿಂದ ಪಿಸ್ಟನ್ನನ್ನು ಒತ್ತುವ ಹಾಗಿಲ್ಲ, ತಿರುಗಿಸುತ್ತಾ ಒಳಗೆ ಕಳಿಸಬೇಕು. ಕ್ಲ್ಯಾಂಪ್ ಹಾಕಿ ಒತ್ತಿದರೆ ಕ್ಯಾಲಿಪರ್ ಕೆಡುತ್ತದೆ. ಪ್ಯಾಡ್ ಬದಲಿಸುವ ಕೆಲಸ ಎರಡು ಮೂರು ವರ್ಷಕ್ಕೊಮ್ಮೆ ಬಂದೇ ಬರುತ್ತದೆ, ಸ್ನೇಹಿತರ ಕಾರುಗಳೂ ಸೇರಿದರೆ ಇನ್ನೂ ಜಾಸ್ತಿ. ಪ್ರತಿ ಸಲ ಅಂಗಡಿಗೆ ಎರಡು ಟ್ರಿಪ್ ಹೊಡೆಯುವುದು ನನಗೆ ಸಾಕಾಯಿತು.

ಚೆಕ್ ಇಂಜಿನ್ ಲೈಟ್ ಬಂದರೆ ಏನನ್ನೂ ತರಬೇಕಿಲ್ಲ, ಆಟೋಝೋನ್‌ನವರು ದೋಷದ ಕೋಡ್ ಪುಕ್ಕಟೆ ಓದಿಕೊಡುತ್ತಾರೆ. ಅಮೆರಿಕದಲ್ಲಿ 1996ರಿಂದ ಮಾರಾಟವಾದ ಕಾರುಗಳಿಗೆಲ್ಲ ಕೋಡ್ ಓದುವ ಯಂತ್ರ ಜೋಡಿಸಲು ಒಂದೇ ಬಗೆಯ ಓಬಿಡಿ-2 ಸಾಕೆಟ್ ಇದೆ.

ಇನ್ನು ಸ್ಪ್ರಿಂಗ್ ಕಂಪ್ರೆಸರ್. ಮುಂದಿನ ಶಾಕ್ ಬದಲಿಸಲು ಇದನ್ನೂ ಎರವಲು ತಂದಿದ್ದೆ. ಎರಡು ಉದ್ದ ಸ್ಕ್ರೂ, ತುದಿಯಲ್ಲಿ ಕೊಕ್ಕೆ, ಅಷ್ಟೇ. ಕಾರಿನ ಭಾರ ಹೊರುವ ಸ್ಪ್ರಿಂಗನ್ನು ಆ ಕೊಕ್ಕೆಗಳು ಅದುಮಿ ಹಿಡಿದಿರಬೇಕು, ಒಂದು ಜಾರಿದರೂ ಸ್ಪ್ರಿಂಗ್ ಮುಖಕ್ಕೆ ಬರುತ್ತದೆ. ನನಗೆ ಸಿಕ್ಕಿದ ಜೋಡಿಯಲ್ಲಿ ಒಂದು ಕೊಕ್ಕೆಯ ತುದಿ ಬಾಗಿತ್ತು. ಬಳಸದೆ ವಾಪಸ್ ಕೊಟ್ಟೆ. ಹೊಸದು ಕೊಂಡರೂ ನನಗೆ ಧೈರ್ಯ ಬರುತ್ತಿರಲಿಲ್ಲ, ಆದ್ದರಿಂದ ಇದಕ್ಕೆ ಮೂರನೇ ದಾರಿ ಹಿಡಿದೆ. ಶಾಕ್ ಮತ್ತು ಸ್ಪ್ರಿಂಗ್ ಎರಡನ್ನೂ ಸೇರಿಸಿ ಜೋಡಿಸಿಟ್ಟ ಸ್ಟ್ರಟ್ ಸಿಗುತ್ತದೆ, ಮನ್ರೋ ಕಂಪನಿ ಅದನ್ನು ಕ್ವಿಕ್-ಸ್ಟ್ರಟ್ ಅಂತ ಮಾರುತ್ತದೆ. ಬೆಲೆ ಜಾಸ್ತಿ, ಹಳೆಯದನ್ನು ಬಿಚ್ಚಿ ಹೊಸದನ್ನು ಕೂರಿಸಿದರೆ ಮುಗಿಯಿತು, ಸ್ಪ್ರಿಂಗ್ ಮುಟ್ಟುವ ಕೆಲಸವೇ ಇಲ್ಲ. ಎರಡೂ ಕಡೆಗೆ ಅದನ್ನೇ ಹಾಕಿದೆ.

ಹತ್ತಿರದಲ್ಲಿ ಯಾರಿಗಾದರೂ ಹೋಂಡಾ ಬಾಲ್ ಜಾಯಿಂಟ್ ಕೆಲಸವಿದ್ದರೆ ನನ್ನ ಪ್ರೆಸ್ ತೆಗೆದುಕೊಂಡು ಹೋಗಿ. ಡೆಪಾಸಿಟ್ ಬೇಡ. ಗ್ರೀಸ್ ಡಬ್ಬಿಯೂ ಪೆಟ್ಟಿಗೆಯಲ್ಲೇ ಇದೆ, ಮರೆಗೆ ಹಚ್ಚುವುದನ್ನು ಮಾತ್ರ ಮರೆಯಬೇಡಿ.